ಹೋಲಿಕೆಗೆಂದು ತಂದ ಹಾಲು

ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಅವಳು ಗಾಜಿನ ಮೇಲಿನ ಚೀಟಿಯನ್ನು ಮತ್ತೊಮ್ಮೆ ಓದಿದಳು. ಪ್ಲಾಸ್ಟಿಕ್ ಚೂರುಗಳನ್ನು ಹುಡುಕಲು ದಿನವೂ ನೋಡುವ ಮೀನಿನ ಹೊಟ್ಟೆಯ ಮಾದರಿಯಲ್ಲ ಇದು. ಹೋಲಿಸಿ ನೋಡಲು ಚೊಕ್ಕವಾದದ್ದೊಂದು ಇರಲಿ ಎಂದು ಬೆಳಿಗ್ಗೆ ತಾನೇ ಹಿಂಡಿ ತಂದಿದ್ದ ಎದೆಹಾಲು.

ಅದರಲ್ಲೂ ಇತ್ತು, ರೆಪ್ಪೆಗೂದಲಿಗಿಂತ ಸಣ್ಣದೊಂದು ನೀಲಿ ಎಳೆ. ಅಪ್ಪನ ಮೀನುಬಲೆಯದೇ ನೀಲಿ. ಹರಿದ ಬಲೆಯ ತುಂಡುಗಳನ್ನು ಅಪ್ಪ ದೋಣಿಯಿಂದ ಕಡಲಿಗೆ ಎಸೆಯುವಾಗ ಚಿಕ್ಕವಳಿದ್ದ ಅವಳೂ ಎಸೆಯುತ್ತಿದ್ದಳು, ಯಾರದು ದೂರ ಹೋಗುತ್ತದೆ ನೋಡೋಣ ಎಂದು.

ಫೋನ್ ಬಂತು. ಅಪ್ಪನೇ. "ಮಗು ಒಂದೇ ಸಮ ಅಳ್ತಿದೆ ಕಣಮ್ಮ. ಫ್ರಿಜ್ಜಲ್ಲಿ ನೀನಿಟ್ಟ ಹಾಲು ಬೆಚ್ಚಗೆ ಮಾಡಿ ಕುಡಿಸ್ಲಾ?"

ಫೋನಿನಲ್ಲಿ ಆ ಅಳು ಕೇಳಿದ್ದೇ ತಡ, ಎದೆ ತಾನಾಗಿ ಜಿನುಗಿ ಅವಳ ಬಿಳಿ ಕೋಟು ಒದ್ದೆಯಾಯಿತು.

"ಕುಡಿಸಪ್ಪಾ," ಎಂದಳು. "ಬೇರೇನಿದೆ ನನ್ನ ಹತ್ರ?"