ಬಡಿಸುವ ಯಂತ್ರದ ಕೊನೆಯ ಪಂಕ್ತಿ

ಯಂತ್ರ ಯಾವುದೇ ಇರಲಿ, ಓಣಿಯ ಹಿರಿಯರು ಪಾಸು ಮಾಡದೆ ಬಳಕೆಗೆ ಬರುವಂತಿರಲಿಲ್ಲ. ಧಾರವಾಡದ ಈ ಬಡಿಸುವ ಯಂತ್ರಕ್ಕೆ, ಪಾಪ, ಇದೇ ಕೊನೆಯ ಪಂಕ್ತಿ. ಸೋತರೆ ಗುಜರಿಗೆ.

"ಹೋಳಿಗೆ ಬಡಿಸಲೇ?" ಎಂದಿತು ಯಂತ್ರ.

"ಬ್ಯಾಡಪಾ," ಎಂದರು ಅದನ್ನು ಪರೀಕ್ಷಿಸಲು ಎಲೆಯ ಮುಂದೆ ಕುಳಿತ ಹಿರಿಯೆ ನೀಲವ್ವ. ಯಂತ್ರ ಮುಂದೆ ಹೋಯಿತು.

"ನಪಾಸು!" ಎಂದರು ನೀಲವ್ವ.

"ನೀವ ಬ್ಯಾಡ ಅಂದ್ರಲ್ರೀ, ಅಮ್ಮಾರ!" ಅದನ್ನು ತಯಾರಿಸಿದ ವಿಶಾಲಾಕ್ಷಿಗೆ ಅಳುವೇ ಬಂತು.

"ಬಾಯಿ ಅಂತು, ತಂಗಿ. ಎಲಿ ಮ್ಯಾಲೆ ಕೈ ಅಡ್ಡ ಹಿಡದ್ನೇನು? ಇರ್ಲಿ, ಕೂಡು, ಉಂಡು ಹೋಗು."

"ಬ್ಯಾಡ್ರಿ, ಹಸಿವಿಲ್ಲ," ಎನ್ನುತ್ತಲೇ ವಿಶಾಲಾಕ್ಷಿ ಎಲೆಯ ಮುಂದೆ ಕುಳಿತಳು.

ಯಂತ್ರ ತಿರುಗಿ ಬಂತು. ಅವಳ ಮಡಿಲಲ್ಲೇ ಇದ್ದ ಕೈಗಳನ್ನು ನೋಡಿತು. ಕೇಳದೆಯೇ ಎರಡು ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿಯಿತು.

"ಪಾಸು!" ಎಂದರು ನೀಲವ್ವ. "ಇನ್ನರ ಅದನ್ನ ಇತ್ಲಾಗ ಕಳಸವಾ, ಆಗಿಂದ ಕಾಯಾಕತ್ತೀನಿ."