ತುರ್ತು ಸಮಯದಲ್ಲಿ ಯಾರಿಗೆ ಫೋನ್ ಮಾಡಬೇಕು?

ಎರಡು ನಿಮಿಷ ಬಿಡುವಿದ್ದರೆ ಓದಿ… ಇಲ್ಲದಿದ್ದರೆ ರಾತ್ರಿ ಊಟ ಮುಗಿಸಿ ನಿಧಾನವಾಗಿ ಓದಿ.

ಗದಗಿನ ಒಂದು ಶಾಲೆಯ ಮೈದಾನದಲ್ಲಿ ವರ್ಷಕ್ಕೊಂದು ಭಾನುವಾರ ವಿಜ್ಞಾನ ಮೇಳ. ಊರಿನ ಆಸಕ್ತರೇ ಸೇರಿ ನಡೆಸುವ ಮೇಳ… ಸಂಬಳವಿಲ್ಲ, ಸನ್ಮಾನವಿಲ್ಲ. ಕೊರಳಿಗೊಂದು ಬ್ಯಾಡ್ಜ್, ಮಧ್ಯಾಹ್ನಕ್ಕೊಂದು ಪಲಾವ್ ಪೊಟ್ಟಣ, ಅಷ್ಟೇ.

ಅಲ್ಲಿ ರಕ್ತದ ಗುಂಪು ನೋಡುವ ಟೇಬಲ್ ಮಹಾರುದ್ರಪ್ಪನವರದು. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದು ನಿವೃತ್ತರಾದವರು.

ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಮೂರು ಹನಿ ರಕ್ತ ಇಟ್ಟು, ಔಷಧಿ ಬೆರೆಸಿ, "ನೋಡ್ರಿ, ಇಲ್ಲಿ ರವಾ ರವಾ ಆತಲ್ಲ!" ಎಂದು ತೋರಿಸುವುದರಲ್ಲಿ ಅವರಿಗೆ ಎಲ್ಲಿಲ್ಲದ ಖುಷಿ.

ಆಮೇಲೊಂದು ಪುಟ್ಟ ಕಾರ್ಡು. ಹೆಸರು, ರಕ್ತದ ಗುಂಪು, ತುರ್ತು ಸಮಯದಲ್ಲಿ ಯಾರಿಗೆ ಫೋನ್ ಮಾಡಬೇಕೋ ಅವರ ನಂಬರ್… ಬರೆದು, ಲ್ಯಾಮಿನೇಷನ್ ಮಾಡಿ ಕೈಗಿಡುತ್ತಿದ್ದರು.

ಈ ಸಲ ಸಾಲು ಗೇಟಿನ ತನಕ ಬೆಳೆದಿತ್ತು. ಆ ಗಡಿಬಿಡಿಯಲ್ಲಿ ಎದುರಿಗೆ ಬಂದು ಕೂತವರು ನೀಲಗಂಗವ್ವ… ಬೆಟಗೇರಿಯಲ್ಲಿ ಮಗ್ಗದವರಿಗೆ ನೂಲು ಸುತ್ತಿಕೊಟ್ಟು ಬದುಕುವ ಎಪ್ಪತ್ತರ ಅಜ್ಜಿ. ಸತತ ಮೂರನೇ ವರ್ಷ!

"ಯವ್ವಾ, ಮತ್ತ ಬಂದಿಯಲ್ಲ! ನಿಂದು ಓ ಪಾಸಿಟಿವ್. ಹೋದ ವರ್ಷಾನೂ ಅದ, ಅದರ ಹಿಂದಿನ ವರ್ಷಾನೂ ಅದ. ರಕ್ತದ ಗುಂಪು ಅಂದ್ರ ಸೀರಿ ಏನು, ವರ್ಷಾ ವರ್ಷಾ ಬದಲಿ ಮಾಡಾಕ?"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು.

"ಹಂಗಲ್ರೀ ಸಾಹೇಬ್ರ… ಕಾರ್ಡು…"

"ಕಳಕೊಂಡಿ ಏನು?"

"ಇಲ್ರೀ, ಐತಿ…"

"ಐತಲ್ಲ, ಮತ್ತ್ಯಾಕ? ಏಳವ್ವಾ, ಹಿಂದ ಮಂದಿ ನಿಂತಾರ."

ಅಜ್ಜಿ ಏನೋ ಹೇಳಲು ಬಾಯಿ ತೆರೆದರು… ಸುತ್ತಲಿನ ಮುಖಗಳನ್ನು ನೋಡಿದರು… ಸುಮ್ಮನೆ ಎದ್ದು ಹೋದರು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ… ಆಮೇಲೆ ನಲವತ್ತು ಬೆರಳು ಚುಚ್ಚಿದರೂ ಮಹಾರುದ್ರಪ್ಪನವರಿಗೆ ಆ ಅಜ್ಜಿಯ ಮುಖವೇ ಕಣ್ಣ ಮುಂದೆ.

ಮಧ್ಯಾಹ್ನ ಊಟದ ಬಿಡುವು. ಮೇಳದ ಕಾರ್ಯಕರ್ತರು ಗುಂಪು ಗುಂಪಾಗಿ ಕೂತು ನಗುತ್ತ ಉಣ್ಣುತ್ತಿದ್ದರು.

"ಬರ್ರಿ ಸರ್" ಎಂದು ಇವರನ್ನು ಯಾರೂ ಕರೆಯಲಿಲ್ಲ. ಬೇಕಂತಲೇ ಅಲ್ಲ, ಪಾಪ… ಯಾರಿಗೂ ನೆನಪಾಗಲಿಲ್ಲ, ಅಷ್ಟೇ. ಪ್ರತಿ ವರ್ಷವೂ ಹಾಗೆಯೇ.

ಪೊಟ್ಟಣ ಹಿಡಿದುಕೊಂಡು ಶಾಲೆಯ ಹಿಂದಿನ ಬೇವಿನ ಕಟ್ಟೆಗೆ ಹೋದರೆ… ಅಲ್ಲಿ ನೀಲಗಂಗವ್ವ ಒಬ್ಬರೇ ಕೂತಿದ್ದರು. ಕೈಯಲ್ಲಿ ಎರಡು ಹಳೆಯ ಕಾರ್ಡು.

"ತಪ್ಪಾತವ್ವಾ… ಅಷ್ಟು ಮಂದಿ ಮುಂದ ಹಂಗ ಅನ್ನಬಾರದಿತ್ತು." ಮಹಾರುದ್ರಪ್ಪನವರು ಪಕ್ಕದಲ್ಲಿ ಕೂತರು. "ಎರಡೂ ಕಾರ್ಡು ಅದಾವಲ್ಲ, ಮತ್ತ್ಯಾಕ ಬಂದಿದ್ದಿ?"

"ಮೊದಲನೇದ್ರಾಗ ನಮ್ಮ ಮನಿಯವರ ನಂಬರ ಐತ್ರೀ… ಅವರು ತೀರಿಕೊಂಡ್ರು. ಮಕ್ಕಳು ಮರಿ ಇಲ್ಲ. ಎರಡನೇದ್ರಾಗ ಬಾಜೂ ಮನಿ ಶಾಂತವ್ವನ ನಂಬರ… ಆಕಿ ಊರ ಬಿಟ್ಟು ಹೋದ್ಲು, ನಂಬರೂ ಹೋತು. ಮ್ಯಾಲೆ ಪ್ಲಾಸ್ಟಿಕ್ ಬಡದಾರ, ತಿದ್ದಾಕ ಬರಂಗಿಲ್ಲ."

"ಹಂಗಾರ ಈ ಸಲ ಯಾರ ನಂಬರ ಬರಸಾಕಿದ್ದಿ?"

"ಅದನ್ನ ಕೇಳಾಕ ಬಂದಿದ್ದೆರೀ… ಯಾರೂ ಇಲ್ಲದವರು ಅಲ್ಲಿ ಏನ ಬರಸ್ತಾರ ಅಂತ. ಅಷ್ಟು ಮಂದಿ ಮುಂದ ಹೆಂಗ ಕೇಳಲಿ?"

ಮಹಾರುದ್ರಪ್ಪನವರು ಕೈಯಲ್ಲಿದ್ದ ಪೊಟ್ಟಣವನ್ನು ಪಕ್ಕಕ್ಕಿಟ್ಟರು.

ಅವರ ಕೊರಳಲ್ಲಿ ಬ್ಯಾಡ್ಜಿನ ಜೊತೆ ಅಂಥದೇ ಒಂದು ಕಾರ್ಡು ನೇತಾಡುತ್ತಿತ್ತು, ಅಜ್ಜಿ ಅದರ ಕಡೆ ನೋಡಿದರು. "ನಿಮ್ಮ ಕಾರ್ಡಿನ್ಯಾಗ ಯಾರ ನಂಬರ ಐತ್ರೀ?"

ಮದುವೆಯಾಗದ ಮನುಷ್ಯ. ಇದ್ದ ಒಬ್ಬ ಅಣ್ಣನೂ ಹೋದ ಮೇಲೆ, ಆ ಜಾಗ ಖಾಲಿ ಬಿಡಲು ನಾಚಿಕೆಯಾಗಿ ಒಂದು ನಂಬರ್ ಬರೆದುಕೊಂಡಿದ್ದರು. ಅದನ್ನು ಈವರೆಗೆ ಯಾರೂ ಕೇಳಿರಲಿಲ್ಲ.

"ನಂದೇ ನಂಬರ ಐತಿ, ಯವ್ವಾ…"

"ಅಯ್ಯ ಶಿವನ! ನೀವು ದಾರ್ಯಾಗ ಬಿದ್ರ, ನಿಮ್ಮ ಕಿಸೆದಾಗಿನ ಫೋನಿಗೇ ಫೋನ್ ಮಾಡ್ತಾರೇನ್ರೀ?"

ಇಬ್ಬರೂ ನಕ್ಕರು. ನಗುತ್ತ ನಗುತ್ತಲೇ ಮಹಾರುದ್ರಪ್ಪನವರ ಕಣ್ಣು ತುಂಬಿ ಬಂತು.

ಸಾವಿರಾರು ಜನರ ಕಾರ್ಡು ಬರೆದವರು… ತಮ್ಮದರಲ್ಲಿ ಬರೆಯಲು ಒಂದು ನಂಬರ್ ಇರಲಿಲ್ಲ. ವರ್ಷಕ್ಕೊಂದು ದಿನವಾದರೂ ಯಾರಾದರೂ ಎದುರಿಗೆ ಕೂತು ಕೈ ಚಾಚಲಿ ಎಂಬ ಆಸೆಗೇ ತಾವು ಈ ಮೇಳಕ್ಕೆ ಬರುತ್ತಿರುವುದು ಎಂದು ಅವರಿಗೆ ಆಗ ಗೊತ್ತಾಯಿತು.

ಜೇಬಿನಿಂದ ಎರಡು ಹೊಸ ಕಾರ್ಡು ತೆಗೆದರು. ಒಂದರಲ್ಲಿ ನೀಲಗಂಗವ್ವ ಎಂದು ಬರೆದರು. ಓ ಪಾಸಿಟಿವ್. ನಂಬರಿನ ಜಾಗದಲ್ಲಿ ತಮ್ಮ ನಂಬರ್. ಅದರ ಕೆಳಗೆ ಪೆನ್ನು ನಿಂತಿತು.

"ಸಂಬಂಧ ಅಂತ ಐತಿ ಇಲ್ಲಿ… ಏನ ಬರೀಲಿ?"

ಅಜ್ಜಿ ಒಂದು ಗಳಿಗೆಯೂ ಯೋಚಿಸಲಿಲ್ಲ. "ತಮ್ಮ ಅಂತ ಬರಿ. ನಿನ್ನ ಕಾರ್ಡಿನ್ಯಾಗ ನನ್ನ ನಂಬರ ಹಾಕಿ ಅಕ್ಕ ಅಂತ ಬರಕೋ."

ಎರಡೂ ಬರೆದಾಯಿತು.

"ನಂಬರ ಖರೇನ ಹತ್ತತೈತೋ ಇಲ್ಲೋ, ನೋಡೂಣು ತಡಿ." ಅಜ್ಜಿ ತಮ್ಮ ಬಟನ್ ಫೋನ್ ತೆಗೆದು, ಕಾರ್ಡು ನೋಡಿಕೊಂಡು ಒಂದೊಂದೇ ಅಂಕಿ ಒತ್ತಿದರು.

ಮಹಾರುದ್ರಪ್ಪನವರ ಜೇಬಿನಲ್ಲಿ ಫೋನ್ ರಿಂಗಾಯಿತು. ಲೋನ್ ಬೇಕಾ ಎನ್ನುವವರನ್ನು ಬಿಟ್ಟರೆ ಎಷ್ಟೋ ತಿಂಗಳ ಮೇಲೆ ಬಂದ ಕರೆ. ಮೊಳ ದೂರದಲ್ಲೇ ಅಜ್ಜಿ ಕೂತಿದ್ದರೂ ಅವರು ಅದನ್ನು ಎತ್ತಿ ಕಿವಿಗಿಟ್ಟುಕೊಂಡರು.

"ಹಲೋ…"

"ತಮ್ಮಾ… ಊಟ ಆತೇನು?"

ಅಷ್ಟೇ ಕೇಳಿದ್ದು…

ಅರವತ್ತಾರು ವರ್ಷದ ಆ ಮನುಷ್ಯ ಆತು ಎನ್ನಲೂ ಆಗದೆ, ಇಲ್ಲ ಎನ್ನಲೂ ಆಗದೆ, ಫೋನ್ ಕಿವಿಗೆ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತರು.

ನೂರು ಜನರ ಕೈ ಹಿಡಿಯುವವರಿಗೂ, "ಊಟ ಆಯಿತಾ?" ಎಂದು ಕೇಳುವವರು ಒಬ್ಬರು ಬೇಕು.

ನಿಮ್ಮ ಫೋನಿನಲ್ಲಿ ಸಾವಿರ ನಂಬರ್ ಇರಬಹುದು… ಯಾರೂ ಇಲ್ಲದ ಯಾರೊಬ್ಬರ ಕಾರ್ಡಿನಲ್ಲಾದರೂ ನಿಮ್ಮ ನಂಬರ್ ಇದೆಯೇ?