ಮಂಟಯ್ಯನ ಮೇಲಿನ ದೂರು

"ನಮ್ ಕೋಚು ಚೆಂಡೇ ಮುಟ್ಟಿಸಲ್ಲ ಸಾರ್. ಸೌದೆ ಹೊರುಸ್ತಾರೆ."

ಕಾಲೇಜು ಸಮಿತಿಯ ಕೋಣೆಯಲ್ಲಿ ಕ್ಯಾಪ್ಟನ್ ದೇವರಾಜು ಹೀಗೆಂದ; ತಂಡದ ಹುಡುಗರು ಅವನ ಹಿಂದೆ ಸಾಲಾಗಿ ನಿಂತಿದ್ದರು.

ಫುಟ್‌ಬಾಲ್ ಕೋಚ್ ಮಂಟಯ್ಯ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಕೆಲಸ ಉಳಿಯುತ್ತದೋ ಹೋಗುತ್ತದೋ, ಇವತ್ತೇ ತೀರ್ಮಾನ. ಅವನೊಬ್ಬನ ಮಾತಿಗೆ ಆ ಕೋಣೆಯಲ್ಲಿ ಮೂರು ಕಾಸಿನ ಬೆಲೆಯಿರಲಿಲ್ಲ. ಎಪ್ಪತ್ತಮೂರನೇ ಇಸವಿ, ಹುಣಸೂರಿನ ಸುತ್ತೆಲ್ಲ ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಬೇಯಿಸುವ ಮನೆಗಳ, ಬ್ಯಾರನ್‌ಗಳ, ಹೊಗೆ ಕಿಟಕಿಯಿಂದ ನುಗ್ಗಿ ಗಂಟಲು ಕೆರೆಯುತ್ತಿತ್ತು.

ಅಧ್ಯಕ್ಷ ಸಿದ್ದಮಲ್ಲಪ್ಪನವರು ನಕ್ಕುಬಿಟ್ಟರು. ಈಗಿನ ಹುಡುಗರಿಗೆ ಮೈ ಬಗ್ಗುವುದಿಲ್ಲ, ಗಟ್ಟಿಯಾಗಲಿ ಅಂತ ಮೇಷ್ಟ್ರು ಭಾರ ಹೊರಿಸಿದ್ದಾರೆ, ಅಷ್ಟಕ್ಕೇ ಒಬ್ಬನ ಹೊಟ್ಟೆ ಮೇಲೆ ಹೊಡೆಯುವುದೇ ಎಂದರು. ಮಂಟಯ್ಯ ಇರಲಿ, ಕಾಫಿ ತರಿಸಿ ಎಂದೂ ಹೇಳಿದರು.

ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬೀಳುತ್ತಿದ್ದರು. ಮಂಟಯ್ಯನ ಮುಖ ಮಾತ್ರ ಇನ್ನಷ್ಟು ಇಳಿಯಿತು. ಪಾಪ, ನಾಚಿಕೆ ಇರಬೇಕು ಎಂದುಕೊಂಡರು ಉಳಿದವರು.

ದೇವರಾಜು ನಿಲ್ಲಿಸಿದ ಕಡೆ ಪುಟ್ಟ ಹಿಡಿದುಕೊಂಡ. ಸೌದೆ ಹೊತ್ತ ಮೇಲೆ ಬ್ಯಾರನ್ನಿನ ಒಲೆಗೆ ಉರಿ ಹಾಕಬೇಕು, ಉರಿ ತಗ್ಗಿದರೆ ಬೈಗುಳ ಎಂದ. ಅವನು ಬಿಟ್ಟ ಕಡೆ ಇನ್ನೊಬ್ಬ. ಮಾತು ಒಬ್ಬನಿಂದ ಒಬ್ಬನಿಗೆ ಸಲೀಸಾಗಿ ದಾಟುತ್ತಿತ್ತು. ಮೈದಾನದಲ್ಲಿ ಒಂದು ದಿನವಾದರೂ ಹೀಗೆ ಪಾಸ್ ಕೊಟ್ಟವರಲ್ಲ ಇವರು.

ಕೊನೆಗೆ ಕಾಡಂಚಿನ ಹಾಡಿಯಿಂದ ಬಂದ ಈರ, ಬಲಗೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಸುಟ್ಟು ಬೆರಳಿಗೆ ಬೆರಳು ಅಂಟಿಕೊಂಡಿತ್ತು. ಮಂಟಯ್ಯ ಆ ಕೈಯಿಂದ ಕಣ್ಣು ಕೀಳಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆಗೆ ಅವನನ್ನು ಆ ಒಲೆಯ ಮುಂದೆ ನಿಲ್ಲಿಸಿದ್ದು ತಾನೇ. ಆ ಪಾಪ ಯಾವ ನೀರಿನಲ್ಲಿ ತೊಳೆದರೂ ಹೋಗುವಂಥದ್ದಲ್ಲ.

ಸಿದ್ದಮಲ್ಲಪ್ಪನವರ ನಗು ಎಲ್ಲೋ ಹೋಗಿತ್ತು. "ಸಾಕು. ಈ ಕಟುಕ ನಮಗೆ ಬೇಡ. ಇವತ್ತೇ ತೆಗೆದುಹಾಕಿ. ಏಳಿ ಎಲ್ಲ."

ಮಂಟಯ್ಯ ಎದ್ದು ಬಾಗಿಲಿಗೆ ಅಡ್ಡ ನಿಂತ.

"ಓಯ್ತೀನಿ ಸ್ವಾಮಿ. ಪೂರಾ ಕೇಳ್ಬುಡಿ."

ಸಮಿತಿಯ ಸುನಂದಮ್ಮ ಎದ್ದವರು ಮತ್ತೆ ಕೂತರು. ಈರನ ಕೈಯನ್ನೇ ನೋಡುತ್ತ ಕೇಳಿದರು:

"ಯಾರ ಬ್ಯಾರನ್ನಪ್ಪ ಅದು?"

ಈರ ಕೋಚ್ ಕಡೆ ನೋಡಿದ.

ವಾರವೆಲ್ಲ ಈ ದೂರನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿದ್ದ ಮಂಟಯ್ಯ, ಗೋಲು ತೋರಿಸುವಾಗಿನಂತೆ ಗದ್ದ ಎತ್ತಿದ. ಈರನ ಸುಟ್ಟ ಕೈ ನೇರ ಅಧ್ಯಕ್ಷರ ಕುರ್ಚಿಯತ್ತ ತಿರುಗಿತು.